ಓಡಿ ಹೋದಳಂತೆ

ಊದ್ ಮೇಥಾದ ಒಂದು ಕ್ಲಬ್ಬಿನ ಸಣ್ಣ ಸಭಾಂಗಣದಲ್ಲಿ ನಾವು ತಿಂಗಳಿಗೊಂದು ಶುಕ್ರವಾರ ಮಧ್ಯಾಹ್ನ ಹಳೆಯ ಸಿನೆಮಾ ತೋರಿಸುತ್ತಿದ್ದೆವು. ನಾವು ಎಂದರೆ ಉಡುಪಿ, ಕಾರ್ಕಳ, ಬಂಟ್ವಾಳದ ಕಡೆಯಿಂದ ದುಬೈಗೆ ಬಂದು ನೆಲೆಸಿದ್ದ ಕೆಲವು ಕುಟುಂಬಗಳು. ನಾನು ಅಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಹಾಗಾಗಿ ಸಿನೆಮಾ ಆರಿಸುವುದೂ, ಶುರುವಾಗುವ ಮುಂಚೆ ಕಥೆಯನ್ನು ಕನ್ನಡದಲ್ಲಿ ಚುಟುಕಾಗಿ ಹೇಳುವುದೂ ನನ್ನ ಪಾಲಿಗೆ ಬಂದಿತ್ತು. ಹೆಚ್ಚಿನವರು ಬರುತ್ತಿದ್ದದ್ದು ಎಸಿಗೆ ಮತ್ತು ಕೊನೆಯಲ್ಲಿ ಸಿಗುವ ಗೋಳಿಬಜೆಗೆ. ನನಗೆ ಅದರ ಬಗ್ಗೆ ತಕರಾರಿರಲಿಲ್ಲ.

ಆ ಶುಕ್ರವಾರದ್ದು ಹಾಲಿವುಡ್ಡಿನ ಕಪ್ಪು-ಬಿಳುಪು ಚಿತ್ರ. ಅಮೆರಿಕದ ಒಂದು ಸಣ್ಣ ಊರು, ಅಲ್ಲಿ ಟೋಪಿ ಹೊಲಿದು ಮಾರುವ ಒಬ್ಬ ಒಂಟಿ ಹೆಂಗಸು. ಮಳೆಯಲ್ಲಿ ನೆನೆದು ಬಂದ ಪ್ರಯಾಣಿಕನೊಬ್ಬ ತನ್ನ ಒದ್ದೆ ಟೋಪಿಯನ್ನು ಅವಳ ಅಂಗಡಿಯಲ್ಲಿ ಒಣಗಲು ಬಿಟ್ಟು ಹೋಗುತ್ತಾನೆ. ಅವಳ ಮನೆಯ ಗೂಟದಲ್ಲಿ ಗಂಡಸಿನ ಟೋಪಿ ತೂಗುವುದು ಯಾರದೋ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಕ್ಯಾಮೆರಾ ಬಾಯಿಂದ ಬಾಯಿಗೆ ಹೋಗುತ್ತದೆ: ಕ್ಷೌರದಂಗಡಿ, ಬೇಕರಿ, ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ. ಗಿರಾಕಿಗಳು ಬರುವುದು ನಿಲ್ಲುತ್ತದೆ. ಅವಳನ್ನು ಮದುವೆಯಾಗಬೇಕಿದ್ದವನು ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ಕೊನೆಗೆ ಅವಳು ಪೆಟ್ಟಿಗೆ ಹಿಡಿದು ರೈಲು ಹತ್ತುತ್ತಾಳೆ. ರೈಲು ಇನ್ನೇನು ಹೊರಡಬೇಕು, ಆಗ ಇಡೀ ಊರು ಪ್ಲಾಟ್‌ಫಾರ್ಮಿಗೆ ಓಡಿ ಬಂದು ಕ್ಷಮೆ ಕೇಳಿ ಅವಳನ್ನು ಇಳಿಸಿಕೊಳ್ಳುತ್ತದೆ. ಆ ಭಾಗವನ್ನು ಸ್ಟುಡಿಯೋದವರು ಆಮೇಲೆ ಅಂಟಿಸಿರಬೇಕು ಎಂದು ನನ್ನ ಅನುಮಾನ. ಅಲ್ಲಿ ಬೆಳಕು ಕೂಡ ಬೇರೆಯಾಗಿತ್ತು.

ಸಭಾಂಗಣ ತುಂಬಿತ್ತು. ಕುರ್ಚಿ ಸಿಗದ ಗಂಡಸರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಆದರೂ ನಡುವಿನ ಒಂದು ಸಾಲಿನಲ್ಲಿ ಎರಡು ಕುರ್ಚಿಗಳು ಖಾಲಿ ಇದ್ದವು. ಅವುಗಳ ನಡುವೆ ಕೂತಿದ್ದವರು ನಮ್ಮ ಪಕ್ಕದ ಫ್ಲಾಟಿನ ಹೆಂಗಸು ಮತ್ತು ಅವಳ ಮಗಳು. ತಾಯಿಯ ಎಡಕ್ಕೆ ಒಂದು ಖಾಲಿ, ಮಗಳ ಬಲಕ್ಕೆ ಒಂದು ಖಾಲಿ. ಪ್ರೊಜೆಕ್ಟರಿನ ಹತ್ತಿರ ನಿಂತಿದ್ದ ನನಗೆ ಪರದೆಗಿಂತ ಹೆಚ್ಚು ಸ್ಪಷ್ಟವಾಗಿ ಕಂಡದ್ದು ಅದು.

ಅವಳು ಕಾರ್ಕಳದ ಕಡೆಯವಳು, ಮನೆಮಾತು ತುಳು. ಒಂದು ದಂತ ಚಿಕಿತ್ಸಾಲಯದಲ್ಲಿ ರಿಸೆಪ್ಷನಿಸ್ಟ್ ಆಗಿದ್ದಳು. ಗಂಡ ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಒಂದು ಗಡಿಯಾರದಂಗಡಿಯ ಅಕೌಂಟೆಂಟ್. ವಾರವೆಲ್ಲ ಅಲ್ಲಿಯೇ ಬ್ಯಾಚುಲರ್ ರೂಮಿನಲ್ಲಿದ್ದು ಗುರುವಾರ ಸಂಜೆಯ ಬಸ್ಸಿಗೆ ಬರುತ್ತಿದ್ದ, ಶನಿವಾರ ಬೆಳಿಗ್ಗೆ ಹೋಗುತ್ತಿದ್ದ. ಮಗಳು ಮೂರನೆಯ ತರಗತಿ. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು.

ಸಿನೆಮಾ ಮುಗಿದು ದೀಪ ಹತ್ತಿದಾಗ ಹೆಂಗಸರಲ್ಲಿ ಹಲವರು ಕಣ್ಣು ಒರೆಸುತ್ತಿದ್ದರು. ನಮ್ಮ ಕೂಟದ ಹಿರಿಯರೊಬ್ಬರನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದೆವು. ಯಾರ ಮನೆಯಲ್ಲಿ ಬಾಣಂತನವಾದರೂ ಮೊದಲು ತಲುಪುವುದು ಅವರ ಸಾರಿನ ಪಾತ್ರೆ. ಅವರು ಟಿಶ್ಯೂವನ್ನು ಮಡಚುತ್ತಾ ಚಹಾದ ಮೇಜಿನ ಹತ್ತಿರ ಬಂದರು.

"ಪಾಪ ಮಾರಾಯ್ತಿ. ಎಂತ ಜನ ಆ ಊರಿನವ್ರು. ಒಂದು ಟೋಪಿಗೆ."

ಅವರ ಪಕ್ಕದಲ್ಲಿದ್ದವರು ದನಿ ತಗ್ಗಿಸಿದರು. "ಅಲ್ಲಿ ಗೂಟಕ್ಕೆ ಟೋಪಿ ಅಕ್ಕ. ಇಲ್ಲಿ ಗಂಡನಿಗೆ."

ಮೂರ್ನಾಲ್ಕು ಜನ ಬಾಯಿಗೆ ಸೆರಗು, ದುಪಟ್ಟಾ ಅಡ್ಡ ಹಿಡಿದು ನಕ್ಕರು. ದೊಡ್ಡಕ್ಕ ನಗಲಿಲ್ಲ. "ಸುಮ್ಮನಿರು, ಮಗು ಉಂಟು ಅಲ್ಲಿ" ಎಂದರು. ಆದರೆ ಅವರೂ ಅತ್ತ ನೋಡಿದರು, ಎಲ್ಲರ ಹಾಗೆ.

ನಾನು ಕೇಬಲ್ ಸುತ್ತುತ್ತಿದ್ದಾಗ ಅವಳು ಹತ್ತಿರ ಬಂದಳು.

"ಅಣ್ಣ, ಆ ಟೋಪಿಯನ್ನು ಮೊದಲು ನೋಡಿದ್ದು ಯಾರು?"

"ತೋರಿಸುವುದಿಲ್ಲ. ಕಿಟಕಿಯ ಪರದೆ ಸರಿಸುವ ಒಂದು ಕೈ ಮಾತ್ರ ಕಾಣ್ತದೆ."

"ಅದೇ. ನನಗೆ ಮಿಸ್ ಆಯ್ತಾ ಅಂತ ಅಂದ್ಕೊಂಡೆ." ನೆಲದ ಮೇಲಿದ್ದ ಕೇಬಲ್ಲಿನ ತುದಿಯನ್ನು ಎತ್ತಿ ಕೊಟ್ಟಳು. "ನಾಳೆ ಅಕ್ಕ ಇರ್ತಾರಾ? ನಿಮ್ಮಿಬ್ಬರ ಹತ್ರ ಸ್ವಲ್ಪ ಮಾತಾಡ್ಲಿಕ್ಕುಂಟು."

ಅಕ್ಕ ಎಂದರೆ ನನ್ನ ಹೆಂಡತಿ.

ಮಾರನೆಯ ಬೆಳಿಗ್ಗೆ ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ್ದನ್ನು ನಾನು ಇಲ್ಲಿ ಸುದ್ದಿಯ ಕ್ರಮದಲ್ಲಿ ಇಡುತ್ತೇನೆ. ಅವಳು ಹೇಳಿದ್ದು ಆ ಕ್ರಮದಲ್ಲಲ್ಲ. ಚಿಕಿತ್ಸಾಲಯದ ಮಾಲೀಕ ಅವಳನ್ನು ರಾಸ್ ಅಲ್ ಖೈಮಾದ ಶಾಖೆಗೆ ಹೋಗು ಎಂದಿದ್ದ. ಮಗಳ ಶಾಲೆ ಇಲ್ಲಿದೆ, ಆಗುವುದಿಲ್ಲ ಎಂದಳು. ಮಾತು ಬೆಳೆದು ರಾಜೀನಾಮೆ ಬರೆದುಕೊಟ್ಟಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಹೋಗುವುದನ್ನು ನಿಲ್ಲಿಸಿದಳು. ಕಂಪನಿ ಅವಳ ಮೇಲೆ ದೂರು ಕೊಟ್ಟಿತು.

ಹೇಳದೆ ಕೇಳದೆ ಕೆಲಸಕ್ಕೆ ಬಾರದವರ ಮೇಲೆ ಕಂಪನಿ ಸರಕಾರಕ್ಕೆ ಕೊಡುವ ಆ ದೂರಿಗೆ ಅಲ್ಲಿ ಅಬ್ಸ್ಕಾಂಡಿಂಗ್ ಎನ್ನುತ್ತಾರೆ. ಮಲಯಾಳಿ, ಪಾಕಿಸ್ತಾನಿ, ಫಿಲಿಪೀನಿ, ಎಲ್ಲರ ಬಾಯಲ್ಲೂ ಅದೇ ಶಬ್ದ. ದೂರು ಬಿದ್ದವರ ವೀಸಾ ಸತ್ತ ಹಾಗೆ. ಸಿಕ್ಕಿಬಿದ್ದರೆ ಊರಿಗೆ ಕಳಿಸುತ್ತಾರೆ, ಮತ್ತೆ ಒಳಗೆ ಬಿಡುವುದಿಲ್ಲ. ಅದಕ್ಕೆ ಯಾರೂ ಎಲ್ಲಿಗೂ ಹೋಗಿರಬೇಕೆಂದಿಲ್ಲ. ತನ್ನ ಮನೆಯಲ್ಲಿ ಅನ್ನಕ್ಕೆ ನೀರಿಟ್ಟು ಕೂತವಳೂ ಅಬ್ಸ್ಕಾಂಡಿಂಗ್ ಆಗಬಹುದು. ಅವಳು ಆಗಿದ್ದದ್ದು ಹಾಗೆಯೇ.

ಗಂಡನಿಗೆ ತಕ್ಷಣ ಹೇಳಿರಲಿಲ್ಲ. "ಅವರಿಗೆ ಟೆನ್ಷನ್ ಜಾಸ್ತಿ ಅಣ್ಣ. ಸರಿ ಮಾಡಿ ಆದ ಮೇಲೆ ಹೇಳುವ ಅಂತ ಇದ್ದೆ." ಕಟ್ಟಡದವರು ಕೇಳುತ್ತಾರೆಂದು ದಿನಾ ಬೆಳಿಗ್ಗೆ ಚಿಕಿತ್ಸಾಲಯದ ಸಮವಸ್ತ್ರ ಹಾಕಿ ಮಗಳನ್ನು ಬಸ್ಸಿಗೆ ಬಿಟ್ಟು ಹೊರಗೆ ಹೋಗುತ್ತಿದ್ದಳು. ಉದ್ಯಾನದಲ್ಲಿ, ಬಿಸಿಲೇರಿದರೆ ಮೆಟ್ರೋ ನಿಲ್ದಾಣದಲ್ಲಿ ಕೂತು ಶಾಲೆ ಬಿಡುವ ಹೊತ್ತಿಗೆ ಬರುತ್ತಿದ್ದಳು. ಒಂದು ದಿನ ಅಲ್ ಕೂಜ್‌ಗೆ ಹೋದಳು. ಅಲ್ಲಿ ಒಂದು ಗೋದಾಮಿನ ಮೇಲಂತಸ್ತಿನಲ್ಲಿ ಕಂಪನಿಯ ಆಫೀಸು. ದೂರು ಹಿಂತೆಗೆಯಿರಿ ಎಂದು ಕೇಳಿಕೊಂಡಳು. ಮಾಲೀಕ ಸಿಗಲಿಲ್ಲ. ಸಿಕ್ಕಿದ್ದು ವೀಸಾ ಕೆಲಸಗಳಿಗೆ ಸರಕಾರಿ ಕಚೇರಿ ಸುತ್ತುವ ಪಿಆರ್‌ಒ, ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ. ಬಿಸಿಲು ಎಂದು ಅವರು ಅವಳನ್ನು ಮೆಟ್ರೋ ತನಕ ಕಾರಿನಲ್ಲಿ ಬಿಟ್ಟರು. ಇಳಿಯುವುದನ್ನು ನಮ್ಮ ಕಟ್ಟಡದ ಯಾರೋ ನೋಡಿದರು.

ಅವಳಿಗೆ ತನ್ನ ಬಗ್ಗೆ ಏನು ಹಬ್ಬಿದೆ ಎಂದು ಗೊತ್ತಾದದ್ದು ಮಗಳಿಂದ. ಶಾಲೆಯ ಬಸ್ಸಿನಲ್ಲಿ ಒಬ್ಬಳು ಹುಡುಗಿ, ನಿನ್ನ ಮಮ್ಮಿ ಓಡಿ ಹೋದಳಂತೆ ಎಂದಿದ್ದಳು. ಮಗಳು ಮನೆಗೆ ಬಂದು ಬ್ಯಾಗು ಬಿಸಾಡಿ, "ಐ ಟೋಲ್ಡ್ ಹರ್, ಮೈ ಮಮ್ಮಿ ಈಸ್ ಅಟ್ ಹೋಮ್ ಓನ್ಲಿ" ಎಂದಳಂತೆ.

"ಗಂಡನಿಗೆ ಈಗಲೇ ಫೋನು ಮಾಡಿ ಎಲ್ಲ ಹೇಳು" ಎಂದಳು ನನ್ನ ಹೆಂಡತಿ.

"ಹೇಳಿದೆ ಅಕ್ಕ, ಮೊನ್ನೆ. ಗುರುವಾರ ಬರ್ಲಿಲ್ಲ ಅಲ್ವಾ, ಸ್ಟಾಕ್ ನೋಡ್ಲಿಕ್ಕುಂಟು ಅಂದ್ರು. ಆಗ ಎಲ್ಲ ಹೇಳಿದೆ. ಹ್ಞೂಂ ಹ್ಞೂಂ ಅಂತ ಕೇಳಿದ್ರು. ಕೊನೆಗೆ ಒಂದೇ ಕೇಳಿದ್ರು."

"ಎಂತ?"

"ಕಾರು ಯಾರದ್ದು ಅಂತ."

ನನ್ನ ಹೆಂಡತಿ ಗ್ಯಾಸ್ ಆರಿಸಿದಳು. ಹಾಲು ಉಕ್ಕಿ ಆಗಿತ್ತು.

ಅವಳಿಗೆ ಬೇಕಾದ್ದು ಎರಡು. ಕಂಪನಿ ದೂರನ್ನು ಹಿಂತೆಗೆಯಬೇಕು. ಗಂಡ ಅವಳನ್ನು ತನ್ನ ವೀಸಾಕ್ಕೆ ಹಾಕಿಸಿಕೊಳ್ಳಬೇಕು. ಮಗು ಮೊದಲಿಂದಲೂ ತಂದೆಯ ವೀಸಾದಲ್ಲಿತ್ತು. ವೀಸಾ ಅರ್ಜಿ ತುಂಬಿಸಿ ಕೊಡುವ ಟೈಪಿಂಗ್ ಸೆಂಟರಿನಲ್ಲಿ ಅವನ ಒಂದು ಸಹಿ ಬಿದ್ದರೆ ಅವಳು ಇಲ್ಲಿ ಇರಬಹುದು. ಬೀಳದಿದ್ದರೆ ಮಗುವನ್ನು ಇಲ್ಲಿ ಬಿಟ್ಟು ಹೋಗಬೇಕು.

"ಯಾರು ಎಂತ ಬೇಕಾದ್ರೂ ಹೇಳ್ಲಿ ಅಣ್ಣ. ನನಗೆ ಮಗಳ ಒಟ್ಟಿಗೆ ಇರ್ಬೇಕು. ಅವರು ನಂಬಿದ್ರೆ ಸಾಕು. ನೀವು ಹೇಳಿದ್ರೆ ನಂಬ್ತಾರೆ, ಪೇಪರಿನವ್ರಲ್ವಾ."

ನಮ್ಮ ಕಸುಬಿನಲ್ಲಿ ಸುದ್ದಿಯ ಮೇಲೆ ಸಂಶಯ ಬಂದರೆ ಮಾಡುವ ಕೆಲಸ ಒಂದೇ: ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಹಿಂದೆ ಹಿಂದೆ ಹೋಗುವುದು. ನಾನು ದೊಡ್ಡಕ್ಕನಿಗೆ ಫೋನು ಮಾಡಿದೆ. ಅವರು ಮುಚ್ಚಿಡಲಿಲ್ಲ.

"ನಮ್ಮವ್ರು ಹೇಳಿದ್ದು ಮಾರಾಯ್ರೆ. ಅವರು ಅಲ್ ಕೂಜ್‌ಗೆ ಹೋಗುದು ಕಾರ್‌ಲಿಫ್ಟಿನಲ್ಲಿ ಅಲ್ವಾ. ಅದು ಆ ಕ್ಲಿನಿಕ್ಕಿನ ಪಿಆರ್‌ಒನ ಕಾರೇ. ಅವ್ರು ಫೋನಲ್ಲಿ ಯಾರಿಗೋ ಹೇಳ್ತಿದ್ರಂತೆ. ಇವರು ಮನೆಗೆ ಬಂದು, ಆಳ್ ಬಲ್ತ್‌ದ್ ಪೋಯಳ್‌ಗೆ ಅಂದ್ರು. ನಾನು ಅಷ್ಟೇ ಹೇಳಿದ್ದು. ‘ಗೆ’ ಹಾಕಿಯೇ ಹೇಳಿದ್ದೇನೆ. ನೋಡಿದ್ದೇನೆ ಅಂತ ಎಲ್ಲಿಯೂ ಹೇಳ್ಲಿಲ್ಲ."

ಕಾರ್‌ಲಿಫ್ಟ್ ಎಂದರೆ ತಿಂಗಳಿಗಿಷ್ಟು ಕೊಟ್ಟು ನಾಲ್ಕೈದು ಜನ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುವ ಏರ್ಪಾಡು. ತುಳುವಿನಲ್ಲಿ ಕ್ರಿಯಾಪದದ ಬಾಲಕ್ಕೆ ‘ಗೆ’ ಅಂಟಿಸಿದರೆ ಅದು ಕೇಳಿದ ಮಾತು ಎಂದರ್ಥ, ಕನ್ನಡದ ‘ಅಂತೆ’ಯ ಹಾಗೆ. ‘ಅವಳು ಓಡಿ ಹೋದಳಂತೆ.’ ಡೆಸ್ಕಿನಲ್ಲಿ ನಾವು ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಎಂದು ಸೇರಿಸುವುದನ್ನು ನಮ್ಮ ಭಾಷೆ ಒಂದಕ್ಷರದಲ್ಲಿ ಮುಗಿಸುತ್ತದೆ. ಹೇಳಿದವರಿಗೆ ಅದು ರಕ್ಷಣೆ. ಯಾರ ಬಗ್ಗೆ ಹೇಳಿದೆಯೋ ಅವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

"ಅಕ್ಕ, ಅದು ಹಾಗಲ್ಲ. ಅಬ್ಸ್ಕಾಂಡಿಂಗ್ ಕೇಸು. ಅವಳು ಮನೆಯಲ್ಲೇ ಇದ್ದಾಳೆ."

"ನನಗೆ ಈಗ ಗೊತ್ತಾಯ್ತು ಮಾರಾಯ್ರೆ. ಆದ್ರೆ ಹಾಗಲ್ಲ ಅಂತ ಈಗ ಹೇಳ್ತಾ ಹೋದ್ರೆ, ಕೇಳದವ್ರಿಗೂ ಗೊತ್ತಾಗ್ತದೆ. ಸುಮ್ಮನಿದ್ರೆ ಎರಡು ವಾರದಲ್ಲಿ ಮರೀತಾರೆ."

ಅವರು ಹೇಳಿದ್ದು ತೀರಾ ತಪ್ಪೇನಲ್ಲ. ತಿದ್ದುಪಡಿ ಹಾಕಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಮ್ಮ ಸಂಪಾದಕರೂ ಇದನ್ನೇ ಹೇಳುತ್ತಿದ್ದರು.

ಪಿಆರ್‌ಒ ಸಿಕ್ಕಿದ್ದು ಸಂಜೆ, ಕಟ್ಟಡದ ಹಿಂದಿನ ಕೆಫೆಟೀರಿಯಾದಲ್ಲಿ. ಐವತ್ತು ದಾಟಿದವರು, ಜೇಬಿನಲ್ಲಿ ಎರಡು ಫೋನು. ವಿಷಯ ಕೇಳಿ ಅವರು ಚಹಾದ ಲೋಟವನ್ನು ಕೆಳಗಿಟ್ಟರು.

"ವಲ್ಲಾಹಿ ಸಾರ್, ನಾನು ಹೇಳಿದ್ದು ಅಬ್ಸ್ಕಾಂಡಿಂಗ್ ಆಗಿದೆ ಅಂತ. ಆಫೀಸಿನ ಫೋನು. ಓಡಿ ಹೋಗುದು ಪಾಡಿ ಹೋಗುದು ಎಂತದ್ದೂ ಹೇಳ್ಲಿಲ್ಲ. ಊರಿನ ಹುಡುಗಿ, ಬಿಸಿಲಲ್ಲಿ ನಡ್ಕೊಂಡು ಬಂದಿದ್ಲು, ಅದಕ್ಕೆ ಮೆಟ್ರೋಗೆ ಬಿಟ್ಟೆ. ನನ್ನ ದೊಡ್ಡ ಮಗಳ ಪ್ರಾಯ."

"ಅವಳ ಗಂಡನಿಗೆ ಇದನ್ನೇ ಹೇಳ್ತೀರಾ?"

ನಮ್ಮ ಕರಾವಳಿಯಲ್ಲಿ ಒಬ್ಬ ಬ್ಯಾರಿ ಗಂಡಸು, ಒಬ್ಬ ಹಿಂದೂ ಹೆಂಗಸು, ಒಂದು ಕಾರು ಎಂದರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನಾವಿಬ್ಬರೂ ಒಬ್ಬರಿಗೊಬ್ಬರು ವಿವರಿಸಬೇಕಾಗಿರಲಿಲ್ಲ.

"ಗಂಡನಿಗೆ ಹೇಳ್ತೇನೆ ಸಾರ್. ಊರಿಗೆ ಮಾತ್ರ ಫೋನು ಮಾಡ್ಲಿಕ್ಕೆ ಹೇಳ್ಬೇಡಿ. ನನ್ನ ತಮ್ಮ ಅಲ್ಲಿ ಅಂಗಡಿ ಇಟ್ಟಿದ್ದಾನೆ." ಆಮೇಲೆ ತಾವಾಗಿಯೇ ಸೇರಿಸಿದರು, "ದೂರನ್ನು ನಾನು ತೆಗೆಸ್ತೇನೆ. ಮುದೀರನ ಕೈಕಾಲು ಹಿಡಿದಾದ್ರೂ. ಅದು ನನ್ನ ಮೇಲಿರ್ಲಿ." ಮುದೀರ ಎಂದರೆ ಮ್ಯಾನೇಜರ್.

ಅಬುಧಾಬಿಗೆ ನಾವು ಹೋದದ್ದು ಮುಂದಿನ ಶನಿವಾರ, ಅದೇ ಕಾರಿನಲ್ಲಿ. ಆ ಗುರುವಾರವೂ ಅವಳ ಗಂಡ ಬಂದಿರಲಿಲ್ಲ. ಅವಳು ಮಧ್ಯಾಹ್ನವೇ ಕೋರಿ ರೊಟ್ಟಿಗೆ ಕೋಳಿ ಬೇಯಿಸಿಟ್ಟಿದ್ದಳು. ಸಂಜೆ ಅದರ ಅರ್ಧ ನಮ್ಮ ಮನೆಗೆ ಬಂತು.

ಹಮ್ದಾನ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ, ಅಂಗಡಿಗಳು ಮಧ್ಯಾಹ್ನ ಬಾಗಿಲೆಳೆಯುವ ಹೊತ್ತಿಗೆ ಅವನು ಕೆಳಗಿಳಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಕಣ್ಣ ಕೆಳಗೆ ಕಪ್ಪು. ನನ್ನನ್ನು ನೋಡಿ ಅಣ್ಣ ಎಂದ, ಪಿಆರ್‌ಒ ಅವರನ್ನು ನೋಡಿ ಏನೂ ಅನ್ನಲಿಲ್ಲ. ಅಲ್ಲಿನ ಕೆಫೆಟೀರಿಯಾದಲ್ಲಿ ಕೂತೆವು, ಮೂರು ಸುಲೈಮಾನಿ ಚಹಾ ಬಂದವು. ಪಿಆರ್‌ಒ ತಮ್ಮ ಪರಿಚಯ ಹೇಳಿ ನಡೆದದ್ದನ್ನು ನೆಟ್ಟಗೆ ಹೇಳಿದರು.

"ಕಾರು ನಿಮ್ಮದಾ?"

"ನನ್ನದೇ. ಹಿಂದಿನ ಸೀಟಿನಲ್ಲಿ ಕೂತಿದ್ರು."

"ಹಿಂದಿನ ಸೀಟು ಅಂತ ಯಾರೂ ಹೇಳ್ಲಿಲ್ಲ."

"ಯಾರು ಹೇಳ್ತಾರೆ" ಎಂದರು ಪಿಆರ್‌ಒ.

ಅವನು ಲೋಟವನ್ನು ತಿರುಗಿಸುತ್ತಾ ಕೂತ. ಆಮೇಲೆ ನನ್ನ ಕಡೆಗೆ ಮಾತಾಡಿದ. "ನಾನು ಅವಳನ್ನು ನಂಬ್ತೇನೆ ಅಣ್ಣ. ಮೊದಲ ದಿನ ಸ್ವಲ್ಪ... ಈಗ ನಂಬ್ತೇನೆ. ಆದ್ರೆ ನಾನು ರೂಮಿಗೆ ಹೋದ ಕೂಡಲೇ ಎಲ್ಲರೂ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ. ಅದೂ ಹೋಗ್ಲಿ. ಅಮ್ಮ ಫೋನು ಮಾಡಿದ್ರು."

"ಅಮ್ಮನಿಗೆ ಹೇಗೆ ಗೊತ್ತಾಯ್ತು?"

"ಇಲ್ಲಿಂದ ಕಾರ್ಕಳಕ್ಕೆ ಎಷ್ಟು ಹೊತ್ತು ಬೇಕು? ನಿನ್ನ ಹೆಂಡತಿ ಬ್ಯಾರಿ ಒಟ್ಟಿಗೆ ಓಡಿ ಹೋದಳಂತಲ್ಲ ಮಗಾ ಅಂದ್ರು." ಅವನು ಪಿಆರ್‌ಒ ಕಡೆ ನೋಡಲಿಲ್ಲ. "ಇಲ್ಲಮ್ಮ, ಅದು ಅಬ್ಸ್ಕಾಂಡಿಂಗ್ ಅಂತ ಒಂದು ಕೇಸು ಅಂದೆ. ಅದೆಂತದ್ದು ಅಂತ ಕೇಳಿದ್ರು. ನಾನು ಎಂತ ಹೇಳ್ಲಿ? ಬಾಯಿಗೆ ಬರುದೇ ಅದು. ಕಂಪನಿಯಿಂದ ಓಡಿ ಹೋದದ್ದು ಅಮ್ಮ ಅಂದೆ. ಓಡಿ ಹೋದದ್ದು ಹೌದಲ್ವಾ ಹಾಗಾದ್ರೆ, ಅಂದ್ರು."

ಅವನು ಲೋಟವನ್ನು ಬದಿಗೆ ಸರಿಸಿದ.

"ನೀವು ಪೇಪರಿನವ್ರು ಅಣ್ಣ. ಒಂದು ಶಬ್ದ ಕೊಡಿ. ತುಳುವಾಗ್ಲಿ, ಕನ್ನಡವಾಗ್ಲಿ. ಅಮ್ಮನಿಗೆ ಹೇಳುವಂಥದ್ದು."

ಸಾಮಾನ್ಯವಾಗಿ ನನಗೆ ಶಬ್ದಕ್ಕೆ ಕಷ್ಟವಾಗುವುದಿಲ್ಲ. ಆ ಇಂಗ್ಲಿಷ್ ಶಬ್ದಕ್ಕೆ ಕನ್ನಡ ಪತ್ರಿಕೆಗಳು ದಿನಾ ಬಳಸುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು: ತಲೆಮರೆಸಿಕೊಂಡಿದ್ದಾಳೆ. ಅದು ಕೊಲೆ, ದರೋಡೆಯ ಸುದ್ದಿಯ ಕೊನೆಯ ಸಾಲಿನಲ್ಲಿ ಬರುವ ಮಾತು. ಅದನ್ನು ಆಡದೆ ನುಂಗಿದೆ.

"ಗೈರುಹಾಜರಿ ಅಂತ ಹೇಳಿ" ಎಂದರು ಪಿಆರ್‌ಒ.

"ಗೈರುಹಾಜರಿಗೆ ಸರಕಾರ ಯಾಕೆ ಕೇಸು ಹಾಕ್ತದೆ ಅಂತ ಕೇಳ್ತಾರೆ. ಅಮ್ಮ ಶಾಲೆಯಲ್ಲಿ ಆಯಾ ಆಗಿದ್ದವ್ರು. ಗೈರುಹಾಜರಿ ಎಂತದ್ದು ಅಂತ ಅವರಿಗೆ ಗೊತ್ತುಂಟು."

"ಕಂಪನಿಯವರು ಸಿಟ್ಟಿನಲ್ಲಿ ಸುಳ್ಳು ದೂರು ಕೊಟ್ರು ಅಂತ ಹೇಳು" ಎಂದೆ ನಾನು.

"ಎಂತ ಅಂತ ದೂರು ಕೊಟ್ರು ಅಂತ ಕೇಳಿದ್ರೆ?"

ಉತ್ತರ ಮೂವರಿಗೂ ಗೊತ್ತಿತ್ತು. ಓಡಿ ಹೋದಳು ಅಂತ. ಅವನು ಒಣಗಿದ ನಗು ನಕ್ಕ. "ನೋಡಿದ್ರಾ. ತಿರುಗಿ ಅಲ್ಲಿಗೇ ಬರ್ತದೆ."

ಹುಡುಕಿ ಹೇಳುತ್ತೇನೆ ಎಂದು ನಾನು ಅವನಿಗೆ ಮಾತು ಕೊಟ್ಟೆ. ಅವನು ಗುರುವಾರ ಖಂಡಿತ ಬರುತ್ತೇನೆ ಎಂದ. ಏಳುವಾಗ ಪಿಆರ್‌ಒ ಕೈ ಚಾಚಿದರು. ಅವನು ಸುತ್ತಲಿನ ಮೇಜುಗಳನ್ನು ಒಮ್ಮೆ ನೋಡಿ ಕೈ ಕುಲುಕಿದ.

ಅದೇ ಕಾರಿನಲ್ಲಿ ವಾಪಸು ಹೊರಟೆವು. "ಅವ್ರು ಒಳ್ಳೆಯವ್ರು ಸಾರ್" ಎಂದರು ಪಿಆರ್‌ಒ ಒಂದು ಸಲ. ಸ್ವಲ್ಪ ದೂರ ಹೋದ ಮೇಲೆ, "ಒಳ್ಳೆಯವ್ರಾಗಿ ಎಂತ ಮಾಡುದು" ಎಂದರು.

ಪಿಆರ್‌ಒ ಮಾತು ಉಳಿಸಿಕೊಂಡರು. ಆ ವಾರ ಕಂಪನಿ ದೂರನ್ನು ಹಿಂತೆಗೆಯಿತು, ಹಳೆಯ ವೀಸಾ ಕ್ರಮಬದ್ಧವಾಗಿ ರದ್ದಾಯಿತು. ಇನ್ನು ಹೊಸ ವೀಸಾ ಆಗಬೇಕು, ಇಲ್ಲವೇ ದೇಶ ಬಿಡಬೇಕು. ಅದಕ್ಕೆ ಸಿಗುವುದು ಸ್ವಲ್ಪ ದಿನಗಳ ಅವಕಾಶ ಮಾತ್ರ.

ಬುಧವಾರ ಅವಳು ತಾನಾಗಿಯೇ ದೊಡ್ಡಕ್ಕನ ಮನೆಗೆ ಹೋದಳು. ನನ್ನ ಹೆಂಡತಿ ಜೊತೆಗಿದ್ದಳು; ನಾನು ಕೇಳಿದ್ದು ಅವಳಿಂದ. ದೊಡ್ಡಕ್ಕ ಬಾಗಿಲು ತೆರೆದು ಒಳಗೆ ಕೂರಿಸಿ ಚಹಾ ಕೊಟ್ಟರು. ಅವಳು ಚಹಾ ಮುಟ್ಟದೆ ಕೇಳಿದಳು. "ಅಕ್ಕ, ನಮ್ಮ ಅತ್ತೆಗೆ ನಿಮ್ಮ ಮಾತೆಂದರೆ ಆಯ್ತು. ನೀವು ಒಂದು ಫೋನು ಮಾಡಿ, ಅವಳು ಇಲ್ಲೇ ಇದ್ದಾಳೆ, ಎಲ್ಲಿಗೂ ಹೋಗ್ಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ ಅಂತ ಹೇಳಿ. ‘ಗೆ’ ಹಾಕದೆ ಹೇಳಿ."

ದೊಡ್ಡಕ್ಕ ಅವಳ ಕೈ ಹಿಡಿದುಕೊಂಡು ಅತ್ತರು. ನಿಜವಾಗಿಯೇ ಅತ್ತರು ಎಂದಳು ನನ್ನ ಹೆಂಡತಿ. ಒಂದು ಡಬ್ಬಿ ತುಂಬ ಚಕ್ಕುಲಿ ಕೊಟ್ಟು ಕಳಿಸಿದರು. ಫೋನು ಮಾಡಲಿಲ್ಲ. ಯಾಕೆಂದು ಆಮೇಲೆ ನಾನು ಕೇಳಿದಾಗ, "ನಾನು ಅಂದದ್ದು ಅಲ್ಲಿಗೆ ಹೋಗಿದೆ ಅಂತ ನಾನೇ ಒಪ್ಪಿಕೊಂಡ ಹಾಗಾಗುದಿಲ್ವಾ ಮಾರಾಯ್ರೆ" ಎಂದರು.

ಗುರುವಾರ ಅವನು ಬಂದ. ಮಗಳಿಗೆ ಒಂದು ಗೋಡೆ ಗಡಿಯಾರ ತಂದಿದ್ದ. ಶುಕ್ರವಾರ ಬೆಳಿಗ್ಗೆ ಅವಳು ನಮ್ಮ ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ.

"ಅತ್ತೆ ಊಟ ಬಿಟ್ಟಿದ್ದಾರಂತೆ ಅಣ್ಣ. ನಾನು ಈ ಮನೆಯಲ್ಲಿದ್ರೆ ಅವರು ಅಲ್ಲಿ ನೀರೂ ಮುಟ್ಟುದಿಲ್ಲ ಅಂತ. ಇವರು ಹೇಳ್ತಾರೆ, ಸ್ವಲ್ಪ ಸಮಯ ನಿನ್ನ ಅಮ್ಮನ ಮನೆಯಲ್ಲಿರು, ಮಾತು ನಿಲ್ಲಲಿ, ಆಮೇಲೆ ವೀಸಾ ಹಾಕ್ತೇನೆ ಅಂತ."

"ಮಗು?"

"ಪರೀಕ್ಷೆ ಉಂಟಲ್ಲ. ನಡುವೆ ಶಾಲೆ ಬಿಡಿಸ್ಲಿಕ್ಕಾಗುದಿಲ್ಲ." ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನೋಡಿಕೊಳ್ಳಲು ಅತ್ತೆ ಬರ್ತಾರೆ. ವಿಸಿಟ್ ವೀಸಾದಲ್ಲಿ."

ನಾನು ಅವನ ಜೊತೆ ಮತ್ತೊಮ್ಮೆ ಮಾತಾಡಿದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿದ. ಭಾನುವಾರ ರಜೆ ಹಾಕಿ ಟೈಪಿಂಗ್ ಸೆಂಟರಿಗೆ ಹೋಗಿ ಸಹಿ ಹಾಕಿದ. ತಾಯಿಯ ವೀಸಾಕ್ಕೆ.

ಅವಳ ವಿಮಾನ ಒಂದು ಬೆಳಗಿನದ್ದು. ಗಂಡ ಅಬುಧಾಬಿಯಿಂದ ಸಂಜೆ ಬರುವವನಿದ್ದ. ಬೆಳಿಗ್ಗೆ ಬರಲು ಅವನಿಂದ ಆಗಲಿಲ್ಲ, ಅಥವಾ ಅವನು ಬರಲಿಲ್ಲ. ಅವಳು ಎಂದಿನಂತೆ ಮಗಳಿಗೆ ಜಡೆ ಹಾಕಿ ಡಬ್ಬಿ ಕಟ್ಟಿ ಶಾಲೆಯ ಬಸ್ಸಿಗೆ ಬಿಟ್ಟಳು. ಊರಿಗೆ ಹೋಗುವ ಸಂಗತಿ ಮಗುವಿಗೆ ಹಿಂದಿನ ದಿನವೇ ಹೇಳಿ ಆಗಿತ್ತು. ಬಸ್ಸಿನ ಕಿಟಕಿಯಿಂದ ಮಗು, "ಕಮ್ ಬಿಫೋರ್ ಆನ್ಯುಯಲ್ ಡೇ, ಓಕೆ?" ಎಂದಿತು. ಓಕೆ ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಮೇಲೆ ಹೋಗಿ ಸೂಟ್‌ಕೇಸು ತಂದಳು.

ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹೊರಡುವವರ ಬಾಗಿಲಿನಲ್ಲಿ ಬೇರೆ ಕುಟುಂಬಗಳು ಗುಂಪುಗುಂಪಾಗಿ ನಿಂತು ಫೋಟೊ ತೆಗೆಯುತ್ತಿದ್ದವು. ಅವಳು ಟ್ರಾಲಿಯನ್ನು ನಿಲ್ಲಿಸಿ ನಾವು ಬಂದ ದಾರಿಯ ಕಡೆಗೊಮ್ಮೆ ನೋಡಿದಳು.

"ಸಿನೆಮಾದಲ್ಲಿ ಇಷ್ಟೊತ್ತಿಗೆ ಎಲ್ಲ ಬಂದಿದ್ರು ಅಲ್ವಾ ಅಣ್ಣ."

"ಅದನ್ನು ಆಮೇಲೆ ಅಂಟಿಸಿದ್ದು."

"ನನಗೂ ಹಾಗೇ ಅನ್ನಿಸಿತ್ತು" ಎಂದು ಒಳಗೆ ಹೋದಳು.

ನಾನು ಪಾರ್ಕಿಂಗಿನಲ್ಲಿ ಕಾದೆ. ದೂರಿನ ಕುರುಹು ಏನಾದರೂ ಉಳಿದಿದ್ದರೆ ಇಮಿಗ್ರೇಷನ್ನಿನಲ್ಲಿ ತಡೆಯುತ್ತಾರೆ ಎಂಬ ಅಂಜಿಕೆ ಇತ್ತು. ಫೋನು ಬಂತು.

"ಆಯ್ತು ಅಣ್ಣ. ಕಂಪ್ಯೂಟರ್ ನೋಡಿದ, ಸೀಲು ಹಾಕಿದ, ಯಲ್ಲಾ, ನಡಿ ಅಂದ. ಒಂದು ಮಾತು ಕೇಳ್ಲಿಲ್ಲ."

"ಒಳ್ಳೆಯದಾಯ್ತು."

"ಹ್ಞೂಂ. ಬಜ್ಪೆಯಲ್ಲಿ ಇಳಿದ ಮೇಲೆ ಕೇಳ್ತಾರೆ. ಟ್ಯಾಕ್ಸಿಯವನೂ ಕೇಳ್ತಾನೆ, ಎಂತ ಒಬ್ರೇ ಬಂದ್ರಿ ಅಂತ." ಹಿಂದೆ ಯಾವುದೋ ವಿಮಾನದ ಪ್ರಕಟಣೆ ಕೇಳುತ್ತಿತ್ತು. "ನೀವು ಒಂದು ಶಬ್ದ ಹುಡುಕ್ತೇನೆ ಅಂದಿದ್ರಂತಲ್ಲ ಅವರ ಹತ್ರ. ಸಿಕ್ಕಿತಾ?"

ಇಲ್ಲ ಎಂದೆ. ಡೆಸ್ಕಿನಲ್ಲಿದ್ದ ಎಲ್ಲ ನಿಘಂಟುಗಳನ್ನೂ ನೋಡಿದ್ದೆ, ಊರಿನ ಪತ್ರಿಕೆಯಲ್ಲಿದ್ದ ಗೆಳೆಯರನ್ನೂ ಕೇಳಿದ್ದೆ.

"ಇರ್ಲಿ ಬಿಡಿ" ಎಂದಳು.

ಆ ಮಧ್ಯಾಹ್ನ ಶಾಲೆಯ ಬಸ್ಸಿನಿಂದ ಮಗುವನ್ನು ಇಳಿಸಿಕೊಂಡದ್ದು ನಾನು. ತಂದೆ ಸಂಜೆ, ಅಜ್ಜಿ ಮಾರನೆಯ ದಿನ ಬರುವವರಿದ್ದರು. ಲಿಫ್ಟಿನಲ್ಲಿ ನಮ್ಮ ಜೊತೆ ಹತ್ತಿದ್ದು, ಸಿನೆಮಾದ ದಿನ ಟೋಪಿಯ ಮಾತಾಡಿದ್ದ ಹೆಂಗಸು. ಅವರು ಮಗುವಿನ ತಲೆ ಸವರಿ, ಅದಕ್ಕೆ ತಿಳಿಯಲಿಕ್ಕಿಲ್ಲ ಎಂದುಕೊಂಡು ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದರು. ಪಾಪ, ಮಗುವನ್ನೂ ಬಿಟ್ಟು ಓಡಿ ಹೋದಳು. ಈ ಸಲ ಕೊನೆಯಲ್ಲಿ ‘ಗೆ’ ಇರಲಿಲ್ಲ.

ಮಗು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯೆತ್ತಿ ಅವರನ್ನು ನೋಡಿತು.

"ನೋ ಆಂಟಿ. ಶೀ ಡಿಡಂಟ್ ರನ್. ಶೀ ಟುಕ್ ದ ಫ್ಲೈಟ್."

ನಮ್ಮ ಮಹಡಿ ಬಂತು. ನಾವಿಬ್ಬರೂ ಇಳಿದೆವು.